70 ಎಲೆಕ್ಟ್ರಾನುಗಳ ಎರಡು ಅಣುಗಳು

ಮಂಜೇಶ್ವರ ತಾಲೂಕಿನ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ಪ್ಲಸ್ ವನ್ (ಹನ್ನೊಂದನೆಯ ತರಗತಿ) ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ನಾನು, ಅಧ್ರುವೀಯ, ಅಂದರೆ ಅಣುವಿಗೆ ಧನ-ಋಣ ತುದಿಗಳಿಲ್ಲದ, ವಸ್ತುಗಳಲ್ಲಿ ಅಣುಗಳ ನಡುವಿನ ಆಕರ್ಷಣೆಯನ್ನು ಹೋಲಿಸಲು ಬಹುಕಾಲ ಒಂದೇ ಸೂತ್ರವನ್ನು ನೆಚ್ಚಿಕೊಂಡಿದ್ದೆ: ಎಲೆಕ್ಟ್ರಾನುಗಳು ಹೆಚ್ಚಿದಷ್ಟೂ ಲಂಡನ್ ಬಲ ಹೆಚ್ಚು, ಕುದಿಯುವ ಬಿಂದುವೂ ಹೆಚ್ಚು. ಒಂದು ಅಣುವಿನ ಎಲೆಕ್ಟ್ರಾನ್ ಮೋಡ ಕ್ಷಣಕಾಲ ಒಂದು ಬದಿಗೆ ಓರೆಯಾದಾಗ ನೆರೆಯ ಅಣುವಿನ ಮೋಡವನ್ನೂ ಓರೆಯಾಗಿಸುತ್ತದೆ, ಹೀಗೆ ಹುಟ್ಟುವ ಸೆಳೆತವೇ ಲಂಡನ್ ಬಲ. (ಈ ಲಂಡನ್ ಊರಿನ ಹೆಸರಲ್ಲ, 1930ರಲ್ಲಿ ಈ ಬಲವನ್ನು ವಿವರಿಸಿದ ಫ್ರಿಟ್ಸ್ ಲಂಡನ್ ಎಂದು ಪ್ರತಿವರ್ಷವೂ ಹೇಳಬೇಕಾಗುತ್ತದೆ.) ಹ್ಯಾಲೊಜನ್‌ಗಳಲ್ಲಿ ಇದು ಎಡವುವುದಿಲ್ಲ. ಎಲೆಕ್ಟ್ರಾನುಗಳು ಹೆಚ್ಚುವ ಕ್ರಮದಲ್ಲಿ ಫ್ಲೋರಿನ್ -188, ಕ್ಲೋರಿನ್ -34, ಬ್ರೋಮಿನ್ 59, ಅಯೋಡಿನ್ 184 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತವೆ.

ಪೆಂಟೇನಿನ ಸಮಾಂಗಿಗಳಿಗೆ (ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ) ಬಂದಾಗ ಆಕಾರವನ್ನೂ ಸೇರಿಸಿಕೊಳ್ಳುತ್ತಿದ್ದೆ. ಎರಡರಲ್ಲಿಯೂ 42 ಎಲೆಕ್ಟ್ರಾನುಗಳೇ ಇದ್ದರೂ ನೇರ ಸರಪಳಿಯ ಪೆಂಟೇನ್ 36 ಡಿಗ್ರಿಯಲ್ಲಿ ಕುದಿದರೆ, ಗುಂಡಗಿನ ನಿಯೊಪೆಂಟೇನ್ ಸುಮಾರು 9.5 ಡಿಗ್ರಿಯಲ್ಲೇ ಕುದಿಯುತ್ತದೆ. ಮನೆಯ ಹಿಂದೆ ಒಟ್ಟಿದ ತೆಂಗಿನ ಕೊತ್ತಳಿಗೆಗಳು ಉದ್ದಕ್ಕೂ ಒಂದಕ್ಕೊಂದು ತಾಗಿಕೊಂಡಿರುತ್ತವೆ, ಪಕ್ಕದಲ್ಲಿರುವ ಸುಲಿದ ಕಾಯಿಗಳ ರಾಶಿಯಲ್ಲಾದರೋ ಒಂದು ಕಾಯಿ ಇನ್ನೊಂದನ್ನು ಒಂದು ಚುಕ್ಕೆಯಷ್ಟೇ ತಾಗುತ್ತದೆ ಎಂದರೆ ನಮ್ಮ ಮಕ್ಕಳಿಗೆ ಬೇರೆ ಚಿತ್ರ ಬೇಕಾಗುವುದಿಲ್ಲ.

ಆದರೆ ಒಬ್ಬ ಹುಡುಗಿ ಕೇಳಿದಳು: "ಟೀಚರೇ, ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲೂ ಬ್ರೋಮಿನ್‌ನಲ್ಲೂ 70 ಎಲೆಕ್ಟ್ರಾನೇ ಅಲ್ವಾ? ಮತ್ತೆ ಒಂದು ಗ್ಯಾಸ್, ಇನ್ನೊಂದು ದ್ರವ ಹೇಗೆ?" ಎಣಿಸಿ ನೋಡಿದೆ, ಸಲ್ಫರಿನ 16, ಆರು ಫ್ಲೋರಿನ್‌ಗಳ 54, ಒಟ್ಟು 70. ಬ್ರೋಮಿನ್‌ನಲ್ಲಿ 35ರ ಎರಡು ಪಟ್ಟು. ಅಣುತೂಕಗಳೂ 146, 160, ಹೆಚ್ಚೇನೂ ದೂರವಿಲ್ಲ. ಆದರೂ ಮೊದಲನೆಯದು -64 ಡಿಗ್ರಿಯಲ್ಲಿ ಘನಸ್ಥಿತಿಯಿಂದ ನೇರವಾಗಿ ಅನಿಲವಾಗುತ್ತದೆ. ನಾಳೆ ಹೇಳುತ್ತೇನೆಂದು ಆ ಪೀರಿಯಡ್ ಮುಗಿಸಿದೆ.

ಮರುದಿನ ಎಣಿಕೆಯನ್ನು ಬದಿಗಿಟ್ಟು, ಅಣುವಿನ ಹೊರಮೈಯಲ್ಲಿ ಏನಿದೆ ಎಂಬಲ್ಲಿಂದ ಹೊರಟೆ. ಸಲ್ಫರ್ ಒಳಗೆ ಹುದುಗಿದ್ದು, ನೆರೆಯ ಅಣುವಿಗೆ ಎದುರಾಗುವುದು ಫ್ಲೋರಿನ್‌ಗಳು ಮಾತ್ರ. ಅವು ತಮ್ಮ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಆ ಮೋಡ ಸುಲಭವಾಗಿ ಓರೆಯಾಗುವುದಿಲ್ಲ. ಬ್ರೋಮಿನ್‌ನ ದೊಡ್ಡ, ಸಡಿಲ ಮೋಡ ಬೇಗ ಓರೆಯಾಗುತ್ತದೆ. ಅದಲ್ಲದೆ ಆರು ಫ್ಲೋರಿನ್‌ಗಳಿಂದ ಉಬ್ಬಿದ ಅಣುಗಳ ಕೇಂದ್ರಗಳು ಪರಸ್ಪರ ಹತ್ತಿರ ಬರಲಾರವು. ಆಕರ್ಷಣೆಯ ಶಕ್ತಿ ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ಈ ದೂರವನ್ನು ಹಗುರವಾಗಿ ಕಾಣುವಂತಿಲ್ಲ. 1.2ನ್ನು ಆರು ಸಲ ಗುಣಿಸಿ ನೋಡಿರೆಂದೆ. ಉತ್ತರ 2.99 ಬಂತು, ಅಂದರೆ ಉಳಿದೆಲ್ಲ ಸಮವಿದ್ದು ದೂರ ಐದನೆಯ ಒಂದು ಪಾಲು ಹೆಚ್ಚಿದರೂ ಸಾಕು, ಆಕರ್ಷಣೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ.

ಈಗ ಪಾಠವನ್ನು ಈ ಜೋಡಿಯಿಂದಲೇ ಆರಂಭಿಸುತ್ತೇನೆ. ಹ್ಯಾಲೊಜನ್‌ಗಳ ಸರದಿ ಆಮೇಲೆ.