ದೇಣಿಗೆಗೊಂದು ಆಟೋಗ್ರಾಫ್: ಟೋಕನ್ ಲೆಕ್ಕ ತಪ್ಪದಿರಲಿ

ಹೋದ ವರ್ಷ ದಸರಾ ಹೊತ್ತಿನಲ್ಲಿ ಮೈಸೂರಿನ ಒಂದು ಸಭಾಂಗಣದಲ್ಲಿ ನೋಡಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಮಕ್ಕಳ ಚಿಕಿತ್ಸೆಗೆ 200 ರೂಪಾಯಿ ದೇಣಿಗೆ ಕೊಟ್ಟವರಿಗೆ ಒಬ್ಬ ನಟರ ಆಟೋಗ್ರಾಫ್. 300 ಟೋಕನ್ ಕೊಟ್ಟಿದ್ದರು, ನಟರು ಕೂತಿದ್ದು ಒಂದೇ ಗಂಟೆ. ಪಾಂಡವಪುರದಿಂದ ಮೊಮ್ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದ ಅಜ್ಜಿಯೊಬ್ಬರು ಟೋಕನ್ ಹಿಡಿದುಕೊಂಡೇ ವಾಪಸ್ ಹೋದರು. ನಿಮ್ಮ ಬಡಾವಣೆಯಲ್ಲೋ ಕಾಲೇಜಿನಲ್ಲೋ ಇಂಥದ್ದು ಇಟ್ಟುಕೊಳ್ಳುವುದಾದರೆ ಹೀಗೆ ಮಾಡಿ.

ಮೊದಲು, ಹಣ ಯಾವ ಟ್ರಸ್ಟಿಗೆ ಅಂತ ಬ್ಯಾನರ್ ಮೇಲೆ ದೊಡ್ಡದಾಗಿ ಬರೆಸಿ. ಕ್ಯೂಆರ್ ಕೋಡ್ ಆ ಟ್ರಸ್ಟಿನದ್ದೇ ಇರಲಿ, ಸಂಘದವರ ಸ್ವಂತ ಫೋನಿನದ್ದು ಬೇಡ.

ದರ ಒಂದೇ ಇಡಿ. ಗಾಂಧೀಜಿ ಹರಿಜನ ನಿಧಿಗಾಗಿ ಒಂದು ಸಹಿಗೆ 5 ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಅಷ್ಟು ಸರಳ. ಜಾಸ್ತಿ ಕೊಡುವವರು ಕೊಡಲಿ, ಆದರೆ ಅದಕ್ಕಾಗಿ ಅವರನ್ನು ಕ್ಯೂನಲ್ಲಿ ಮುಂದೆ ಬಿಡಬೇಡಿ.

ಇನ್ನು ಟೋಕನ್. ಎಲ್ಲರೂ ಎಡವುವುದು ಇಲ್ಲೇ. ಒಂದು ಸಹಿಗೆ ಐದು ಸೆಕೆಂಡ್ ಸಾಕಲ್ವಾ ಅಂದುಕೊಳ್ಳುತ್ತಾರೆ. ಆದರೆ ಬಂದವರು ನಮಸ್ಕಾರ ಮಾಡುತ್ತಾರೆ, ಹೆಸರು ಹೇಳುತ್ತಾರೆ, "ಸಾರ್, ಒಂದು ಸೆಲ್ಫಿ" ಅಂತ ಜೇಬಿನಲ್ಲಿ ಫೋನ್ ಹುಡುಕುತ್ತಾರೆ, ಹಿಂದೆ ನಿಂತ ತಮ್ಮನನ್ನೂ ಕರೆಯುತ್ತಾರೆ. ಒಬ್ಬರಿಗೆ ಒಂದು ನಿಮಿಷ ಹಿಡಿಯಿರಿ. ಅಂದರೆ ಗಂಟೆಗೆ 60 ಜನ. ಆದರೂ 45 ಟೋಕನ್ ಮಾತ್ರ ಕೊಡಿ, ಯಾಕೆಂದರೆ ಬೆಂಗಳೂರಿನಿಂದ ಬರುವ ಗಣ್ಯರು ಮಂಡ್ಯ, ಶ್ರೀರಂಗಪಟ್ಟಣದ ಬೈಪಾಸ್‌ಗಳನ್ನು ಬೇಗ ದಾಟಿದರೂ ಮೈಸೂರಿನೊಳಗೆ ಬರುವ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ, ದಸರಾದಲ್ಲಂತೂ ಕೇಳಲೇಬೇಡಿ. ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ಅವರ ಮ್ಯಾನೇಜರ್‌ರಿಂದ ಮೆಸೇಜ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಟೋಕನ್ ಮೇಲೆ ನಂಬರ್ ಜೊತೆ ಸಮಯವೂ ಇರಲಿ. 1ರಿಂದ 15 ನಾಲ್ಕು ಗಂಟೆಗೆ, 16ರಿಂದ 30 ನಾಲ್ಕು ಇಪ್ಪತ್ತಕ್ಕೆ, ಉಳಿದವರು ನಾಲ್ಕು ನಲವತ್ತಕ್ಕೆ. ವಯಸ್ಸಾದವರು ಸುಮ್ನೆ ನಿಂತು ಕಾಯುವುದು ತಪ್ಪುತ್ತದೆ. ಟೋಕನ್ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ಅರ್ಧದಲ್ಲಿ ಅವರ ಫೋನ್ ನಂಬರ್ ಬರೆದುಕೊಳ್ಳಿ. ಗಣ್ಯರು ಕೂತ ಕೂಡಲೇ ಮೊದಲು ಹತ್ತು ಫೋಟೊಗೆ ಸಹಿ ಹಾಕಿಸಿ ಪಕ್ಕಕ್ಕಿಡಿ. ಯಾರಿಗಾದರೂ ಸರದಿ ಬರದಿದ್ದರೆ ಅದೇ ದಿನ ಫೋನ್ ಮಾಡಿ, ಹಣ ವಾಪಸ್ ಬೇಕಾ, ಅಂಚೆಯಲ್ಲಿ ಫೋಟೊ ಕಳಿಸಬೇಕಾ ಅಂತ ಕೇಳಿ. ಸೆಲ್ಫಿಗೆ ಅವಕಾಶ ಕೊಡಲೇಬೇಡಿ, ನಿಮ್ಮವರೇ ಒಬ್ಬರು ಕ್ಯಾಮೆರಾ ಹಿಡಿದು ಎಲ್ಲರದ್ದೂ ತೆಗೆದು ಆಮೇಲೆ ಕಳಿಸಲಿ.

ಸಹಿ ಹಾಕುವ ಟೇಬಲ್ ಮೇಲೆ ದುಡ್ಡು ಕಾಣಬಾರದು. ದೇಣಿಗೆ ಟೇಬಲ್ ಬಾಗಿಲ ಹತ್ತಿರ ಇರಲಿ. ಕ್ಯೂನಲ್ಲಿರುವಾಗಲೇ ಒಬ್ಬರು ಎಲ್ಲರ ಹೆಸರನ್ನೂ ಕೇಳಿ ಚೀಟಿಯಲ್ಲಿ ಬರೆದುಕೊಡಲಿ. ಸಹನಾ ಹೋಗಿ ಶಹನಾ ಆದರೆ ಆ ಮಗುವಿಗೆ ಎಷ್ಟು ಬೇಜಾರು ಅಲ್ವಾ?

ಪೆನ್ನಿನ ವಿಷಯ. ಹೊಳೆಯುವ ಫೋಟೊ ಮೇಲೆ ಜೆಲ್ ಪೆನ್ ಬೇಡವೇ ಬೇಡ, ಬೆರಳು ತಾಗಿದರೆ ಹರಡುತ್ತದೆ. ಬಾಲ್ ಪೆನ್ ಗೀರು ಬೀಳಿಸುತ್ತದೆ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ಐದಾರು ತನ್ನಿ. ಡಜನ್ ಲೆಕ್ಕದಲ್ಲಿ ಸಿಗುವ ಅಗ್ಗದವು ಅರ್ಧಕ್ಕೇ ಒಣಗುತ್ತವೆ. ತರುವಾಗ ಮೇಲಿನ ಬರಹ ಓದಿ, ವೈಟ್‌ಬೋರ್ಡ್ ಮಾರ್ಕರ್ ನೋಡಲು ಹಾಗೇ ಇರುತ್ತದೆ, ಒರೆಸಿದರೆ ಹೋಗುತ್ತದೆ. ಕೆಂಪು ಕ್ರಿಕೆಟ್ ಚೆಂಡಿಗೆ, ಕಪ್ಪು ಟೀ ಶರ್ಟಿಗೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ಮುಚ್ಚಳ ಹಾಕಿಕೊಂಡೇ ಅಲ್ಲಾಡಿಸಿ, ಬೇರೆ ಹಾಳೆ ಮೇಲೆ ಒಮ್ಮೆ ಗೀಚಿ ನೋಡಿ. ಟೀ ಶರ್ಟಿನೊಳಗೆ ರಟ್ಟು ಇಟ್ಟು ಬಟ್ಟೆ ಬಿಗಿಯಾಗಿ ಹಿಡಿಯಿರಿ. ಸಹಿ ಒಣಗುವ ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ.

ರಸೀದಿ ಟ್ರಸ್ಟಿನ ಹೆಸರಲ್ಲೇ ಕೊಡಿಸಿ. ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಕೇಳುವವರು ಇರುತ್ತಾರೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಟ್ರಸ್ಟಿಗೆ ಆ ನೋಂದಣಿಯೇ ಇಲ್ಲದಿದ್ದರೆ ವಿನಾಯಿತಿಯ ಮಾತೇ ಎತ್ತಬೇಡಿ.

ಅಂದು ಸಂಜೆಯೇ ಎಷ್ಟು ಟೋಕನ್, ಎಷ್ಟು ಹಣ, ಎಷ್ಟು ಖರ್ಚು ಅಂತ ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಅದರ ಫೋಟೊವನ್ನು, ಟ್ರಸ್ಟಿನವರು ಹಣ ಮುಟ್ಟಿತು ಅಂತ ಬರೆದುಕೊಟ್ಟ ಪತ್ರದ ಜೊತೆ, ಟೋಕನ್ ಪುಸ್ತಕದಲ್ಲಿರುವ ಪ್ರತಿ ನಂಬರಿಗೂ ಕಳಿಸಿ.