ಯಾರು ಗೆದ್ದರು? ಬೋರ್ಡೇ ಹೇಳ್ಲಿ

ಶನಿವಾರ ಮುಂಜಾನಿ ಶಾಲ್ಯಾಗ ಚೆಸ್ ಪಂದ್ಯ ಇಡೋ ಹುಬ್ಬಳ್ಳಿ-ಧಾರವಾಡದ ಮಾಸ್ತರ್ರು, ಅಕ್ಕೋರು ನೋಡ್ರಿ: ಆಟ ಮುಗಿದ ಕೂಡ್ಲೆ ಎರಡೂ ರಾಜರನ್ನ ಬೋರ್ಡಿನ ನಟ್ಟನಡುವಿನ ನಾಲ್ಕು ಮನ್ಯಾಗ ಇಡಸ್ರಿ. ಬಿಳಿ ಗೆದ್ದರ ಎರಡೂ ಬಿಳಿ ಮನ್ಯಾಗ, ಅಂದ್ರ ಇ4, ಡಿ5. ಕಪ್ಪು ಗೆದ್ದರ ಡಿ4, ಇ5. ಡ್ರಾ ಆದರ ಬಿಳಿ ಮನ್ಯಾಗ ಒಂದು, ಕಪ್ಪು ಮನ್ಯಾಗ ಒಂದು. ಎರಡನೇ, ಮೂರನೇ ಕ್ಲಾಸಿನ ಹುಡುಗ್ರು ನಿಮ್ಮ ಟೇಬಲ್ಲಿಗೆ ಬರೋದ್ರೊಳಗ ತಮ್ಮ ಬಣ್ಣಾನ ಮರೀತಾವ, ಇಬ್ಬರೂ "ನಾ ಗೆದ್ದೆ" ಅಂತಾವ, ಬೋರ್ಡ್ ಮರೆಯಂಗಿಲ್ಲ. ರೆಕ್ಸಿನ್ ಬೋರ್ಡ್ ಇದ್ದರ ಹಸಿರು ಮನೀನ ಕಪ್ಪು ಅಂತ ಮೊದ್ಲ ಹೇಳಿಬಿಡ್ರಿ. ಕೈಕೊಡೋದು ಎಲ್ಲಿ ಅಂದ್ರ, ಸ್ಟೇಲ್‌ಮೇಟನ್ನ (ರಾಜಗ ಚೆಕ್ ಇಲ್ಲ, ಆದ್ರ ನಡೆಸಾಕ ಒಂದೂ ನಡೆ ಇಲ್ಲ, ಅಂದ್ರ ಡ್ರಾ) ಮೇಟ್, ಅಂದ್ರ ಗೆಲುವು, ಅಂತ ತಿಳಿದು ರಾಜನ್ನ ಎತ್ತಿಬಿಟ್ಟರ ಆಮ್ಯಾಲ ಏನೂ ಗೊತ್ತಾಗಂಗಿಲ್ಲ. ಅದಕ್ಕ ಮೊದ್ಲ ಕೈ ಎತ್ತಬೇಕು, ನೀವು ಬಂದು ನೋಡಿದ ಮ್ಯಾಲೆ ರಾಜನ್ನ ಸರಸಬೇಕು. ನೀವು ಬರಕೊಳ್ಳೋ ತನಕ ಕಾಯಿ ಜೋಡಸಬಾರದು.