ಕಾಫಿ ಕಣದ ಪಕ್ಕ ಕಡಲ ಪಾಚಿ: ನನ್ನ ಅನುಭವ

ನ್ಯಾನೋಕ್ಲೋರೋಪ್ಸಿಸ್ ಎಂಬ, ತಿನ್ನಲು ಬರುವ ಸೂಕ್ಷ್ಮ ಕಡಲ ಪಾಚಿ ಬೆಳೆಯಲು ಕರಾವಳಿಯೇ ಬೇಕು, ಮಡಿಕೇರಿಯಲ್ಲಿ ಆಗದ ಕೆಲಸ ಎಂದವರೇ ಎಲ್ಲರೂ. ಈಗ ಬಂದು ನನ್ನ ಟ್ಯಾಂಕುಗಳನ್ನು ನೋಡಲಿ. ಈ ಪಾಚಿ ಕೇಳುವುದು ಉಪ್ಪುನೀರು, 20ರಿಂದ 25 ಡಿಗ್ರಿ ತಂಪು. ಏಪ್ರಿಲ್ ಬಿಸಿಲಿಗೆ ಕರಾವಳಿಯವರ ಕಲ್ಚರ್ (ಟ್ಯಾಂಕಿನಲ್ಲಿ ಬೆಳೆಸುವ ಪಾಚಿ) ಸೊರಗುವಾಗ ನನ್ನದು ಹಸಿರಾಗಿಯೇ ಇರುತ್ತದೆ.

ಮೊದಲು ಮಂಗಳೂರಿಂದ ಕ್ಯಾನುಗಳಲ್ಲಿ ಕಡಲ ನೀರು ತರಿಸಿದೆ. ಗಾಡಿ ಬಾಡಿಗೆಯೇ ಆರೇಳು ಸಾವಿರ. ನೀರಿನ ಜೊತೆ ಬಂದ ಸಿಲಿಯೇಟುಗಳೆಂಬ ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ವಾರದೊಳಗೆ ಟ್ಯಾಂಕನ್ನೇ ಮೇಯ್ದವು. ಆಮೇಲೆ ಕಲ್ಲುಪ್ಪಿಗೆ ಬಂದೆ, ಲೀಟರಿಗೆ 25 ಗ್ರಾಂ ಆಸುಪಾಸು. ಉಪ್ಪು ಹರಳುಗಟ್ಟುವಾಗ ಮೆಗ್ನೀಷಿಯಂ ಬಹುಪಾಲು ನೀರಲ್ಲೇ ಉಳಿದುಬಿಡುತ್ತದೆ, ಹಾಗಾಗಿ ಮೆಗ್ನೀಷಿಯಂ ಸಲ್ಫೇಟ್ ಸೇರಿಸಲೇಬೇಕು. ತೋಟದವರ ಉಗ್ರಾಣದಲ್ಲಿ ಅದು ಇದ್ದೇ ಇರುತ್ತದೆ, ಆದರೆ ತಿನ್ನುವ ಪಾಚಿಗೆ ಗೊಬ್ಬರದ ಚೀಲದ್ದು ಬೇಡ, ಭಾರಲೋಹದ ಭಯ. ಉಳಿದದ್ದು ಎಲ್ಲರೂ ಮಾಡುವುದೇ: ನೀರಿನ ಸೂಕ್ಷ್ಮಜೀವಿ ಕೊಲ್ಲಲು ಬ್ಲೀಚಿಂಗ್, ಉಳಿದ ಕ್ಲೋರಿನ್ ತೆಗೆಯಲು ಥಯೋಸಲ್ಫೇಟ್, ಪಾಚಿಗೆ ಪೋಷಕಾಂಶವಾಗಿ ಎಫ್/2 ಮಿಶ್ರಣ.

ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಪಾಲಿಹೌಸಿನೊಳಗೂ ಕತ್ತಲೆ. ಕರೆಂಟ್ ಹೋಗಿ, ನೀರಿಗೆ ಗಾಳಿ ಊದುವ ಏರೇಟರ್ ನಿಂತು, ಪಾಚಿ ತಳ ಸೇರಿ ಕೊಳೆಯಿತು. ಎಲ್‌ಇಡಿ, ಇನ್ವರ್ಟರ್, ಬ್ಯಾಟರಿ ಅಂತ ಲಕ್ಷದ ಮೇಲೆ ಹೋಯಿತು. ಆ ವರ್ಷದ ಕರಿಮೆಣಸಿನ ದುಡ್ಡೆಲ್ಲ ಅದಕ್ಕೇ. ಈಗ ಮಳೆಗಾಲದಲ್ಲಿ ಬೀಜಕ್ಕಿಡುವ ತಾಯಿ ಕಲ್ಚರ್ ಮಾತ್ರ ಒಳಕೋಣೆಯಲ್ಲಿ ಕಾಪಾಡಿ, ಅಕ್ಟೋಬರಿನಿಂದ ಮೇವರೆಗೆ ಟ್ಯಾಂಕ್ ತುಂಬುತ್ತೇನೆ.

ಅಸಲು ಕಷ್ಟ ಕೊಯ್ಲಿನದು. ಕೋಶ 2ರಿಂದ 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಪಾಲು. ಸ್ಪಿರುಲಿನಾದ ಹಾಗೆ ಬಟ್ಟೆಯಲ್ಲಿ ಸೋಸಲು ಬಾರದು. ಗಿರಗಿರ ತಿರುಗಿಸಿ ಪಾಚಿ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹೇಳಿದ ಬೆಲೆಗೆ ಹಳೆ ಜೀಪೊಂದು ಬರುತ್ತಿತ್ತು. ಅದಕ್ಕೇ ಬೇರೆ ದಾರಿ ಹಿಡಿದೆ: ನೀರಿನ ಕ್ಷಾರ ಏರಿಸಿ ಪಿಎಚ್ 10 ದಾಟಿಸಿದರೆ ಮೊದಲು ಹಾಕಿದ ಮೆಗ್ನೀಷಿಯಮ್ಮೇ ಹೆಪ್ಪಾಗಿ ಪಾಚಿಯನ್ನು ತಳಕ್ಕೆ ಎಳೆದುಕೊಳ್ಳುತ್ತದೆ. ಆ ಹೆಪ್ಪನ್ನು ಮತ್ತೆ ಬಿಡಿಸಿ ತೊಳೆಯಲು ಏನು, ಯಾವಾಗ ಹಾಕುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ. ಸಾವಿರ ಲೀಟರಿಗೆ ಒಣ ತೂಕದಲ್ಲಿ ಕಾಲು ಕಿಲೋ ಸಿಗುತ್ತದೆ, ಒಳ್ಳೆಯ ಬಿಸಿಲಿದ್ದರೆ ಇನ್ನೂ ತುಸು ಹೆಚ್ಚು.

ಕಾಫಿ ಡ್ರೈಯರಿನಲ್ಲಿ ಒಣಗಿಸಿದ್ದು ಕಮಟು ಹಿಡಿಯಿತು. ಇದರ ಬೆಲೆ ಇರುವುದೇ ಇಪಿಎ ಎಂಬ ಒಮೆಗಾ-3ರಲ್ಲಿ. ಬಿಸಿಗೆ, ಗಾಳಿಗೆ ಅದು ಕೆಡುತ್ತದೆ. ಅದಕ್ಕೇ ಈಗ ಪೇಸ್ಟ್ ಮಾಡಿ ಫ್ರೀಜರಿಗೆ. ಕಮಟು ಹಿಡಿಯದ ಹಳೆ ಪೇಸ್ಟನ್ನು ನಾಟಿಕೋಳಿಗಳಿಗೆ ತೌಡಿನಲ್ಲಿ ಕಲಸಿ ಕೊಟ್ಟೆ, ಮೊಟ್ಟೆಯ ಹಳದಿ ಭಾಗ ಕಡು ಕಿತ್ತಳೆಗೆ ತಿರುಗಿತು. ಅದರದ್ದೇ ಒಂದು ಲೆಕ್ಕ ಇಡುತ್ತಿದ್ದೇನೆ.

ಲೋಹ, ಸೂಕ್ಷ್ಮಾಣು ಪರೀಕ್ಷೆಯ ವರದಿ ಕೈಗೆ ಬಂದ ಮೇಲೆಯೇ ಮನೆಯಲ್ಲಿ ತಿಂದದ್ದು. ಒಲೆಯಿಂದ ಇಳಿಸಿದ ಮೇಲೆ, ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿ) ಹಾಕಿದ ಸಾರಿಗೆ ಒಂದು ಚಮಚ ಬೆರೆಸಿದರೆ ಕಡಲ ವಾಸನೆ ಗೊತ್ತೇ ಆಗದು. ಮೀನು ತಿನ್ನದ ನೆಂಟರು ಆಗಲೇ ಕೇಳುತ್ತಿದ್ದಾರೆ. ಮೀನಿನಲ್ಲಿರುವ ಇನ್ನೊಂದು ಒಮೆಗಾ-3 ಆದ ಡಿಎಚ್‌ಎ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ಅವರಿಗೂ ಹೇಳಿದ್ದೇನೆ. ಆಹಾರ ಸುರಕ್ಷತಾ ಪರವಾನಗಿ ಸಿಗುವವರೆಗೆ ಮಾರಾಟವಿಲ್ಲ. ಅಷ್ಟರಲ್ಲಿ ಇನ್ನೆರಡು ಟ್ಯಾಂಕ್ ಇಡುತ್ತೇನೆ.